ಕಲ್ಲುಕುಟಿಗರ ಅಂಗಳದಲ್ಲಿ ವೆನಿಸ್

ಹುಟ್ಟೂರು ವೆನಿಸನ್ನು ಬದುಕಿನುದ್ದಕ್ಕೂ ಚಿತ್ರಿಸಿದ ಕೆನಲೆಟ್ಟೊ (1697-1768) ಬಗ್ಗೆ ನನಗೆ ಬಹಳ ಕಾಲ ತಾತ್ಸಾರವಿತ್ತು. ಪಿಕ್ಚರ್ ಪೋಸ್ಟ್‌ಕಾರ್ಡಿನ ಪೂರ್ವಜ ಎಂದು ಸೆಮಿನಾರೊಂದರಲ್ಲಿ ಧೈರ್ಯವಾಗಿ ಹೇಳಿಯೂ ಇದ್ದೆ. ಆಮೇಲೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 'ಕಲ್ಲುಕುಟಿಗರ ಅಂಗಳ'ವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದೆ. (ಮೂಲಚಿತ್ರದ ದರ್ಶನ ಫೆಲೋಶಿಪ್ ದುಡ್ಡಿನಲ್ಲಿ ಆಗುವಂಥದ್ದಲ್ಲ.) ಆ ಮಾತನ್ನು ಅರ್ಧವಾದರೂ ಹಿಂತೆಗೆದುಕೊಳ್ಳಬೇಕಾಗಿದೆ.

ಇದು 1725ರ ಆಸುಪಾಸಿನ ಚಿತ್ರ. ಸ್ಯಾನ್ ವಿದಾಲ್ ಚೌಕದ ತುಂಬ ಕಲ್ಲುಗಳು ಚೆಲ್ಲಿಕೊಂಡಿವೆ, ಕುಟಿಗರು ಕೆಲಸದಲ್ಲಿ ಮುಳುಗಿದ್ದಾರೆ. ಒಬ್ಬಾಕೆ ಬಾವಿಯಿಂದ ನೀರು ಸೇದುತ್ತಿದ್ದಾಳೆ. ಕಿಟಕಿಯ ಕಟ್ಟೆಯ ಮೇಲೊಂದು ಹುಂಜ. ಎಡಮೂಲೆಯಲ್ಲಿ ಮಗುವೊಂದು ಬಿದ್ದು, ಗಾಬರಿಗೆ ಉಚ್ಚೆ ಹೊಯ್ದಿದೆ. ತಾಯಿ ಕೈಚಾಚಿ ಧಾವಿಸುತ್ತಿದ್ದಾಳೆ. ಜಗತ್ಪ್ರಸಿದ್ಧ ಗ್ರ್ಯಾಂಡ್ ಕೆನಾಲ್ ಇಲ್ಲಿ ಈ ಸಂಸಾರಗಳ ಹಿತ್ತಿಲಿನಂತೆ ತನ್ನ ಪಾಡಿಗೆ ಹರಿಯುತ್ತದೆ. ಆಚೆ ದಡದ ಚರ್ಚಿನ ಗಂಟೆಗೋಪುರ 1744ರಲ್ಲಿ ಕುಸಿದುಬಿತ್ತು. ಚಿತ್ರದಲ್ಲಿ ಅದಿನ್ನೂ ನಿಂತಿದೆ.

ತಂದೆ ರಂಗಪರದೆ ಬರೆಯುವವನು, ಮಗನೂ ಅದೇ ಕಸುಬಿನಿಂದ ಬಂದವನು. ಹಾಗಾಗಿ ಅವನ 'ಯಥಾವತ್ತು' ನಗರವನ್ನು ಪೂರ್ತಿ ನಂಬುವಂತಿಲ್ಲ: ನೋಟ ಚೆನ್ನಾಗಿ ಕೂರಲೆಂದು ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದ. ಇದು ದೋಷವೆಂದು ನನಗನ್ನಿಸುವುದಿಲ್ಲ. ನನ್ನ ತಕರಾರು ಬೇರೆ. ವೆನಿಸಿನಲ್ಲಿದ್ದ ಇಂಗ್ಲಿಷ್ ವರ್ತಕ ಜೋಸೆಫ್ ಸ್ಮಿತ್ ಮೂಲಕ ಇಂಗ್ಲೆಂಡಿನ ಶ್ರೀಮಂತ ಪ್ರವಾಸಿಗಳು ಅವನ ಗಿರಾಕಿಗಳಾದರು. ಊರಿಗೆ ಕೊಂಡೊಯ್ಯಲು ಅವರಿಗೆ ಬೇಕಾದದ್ದು ಬಿಸಿಲು, ಅರಮನೆ, ದೋಣಿಹಬ್ಬ, ಬಿದ್ದ ಮಗುವಲ್ಲ. ಯುದ್ಧದಿಂದ ಪ್ರವಾಸಿಗಳು ಕಡಿಮೆಯಾದಾಗ, 1746ರಲ್ಲಿ, ಗಿರಾಕಿಗಳನ್ನು ಹುಡುಕಿಕೊಂಡು ಅವನೇ ಇಂಗ್ಲೆಂಡಿಗೆ ಹೋದ. ಆ ಹೊತ್ತಿಗೆ ಅವನ ಜನ ಬಣ್ಣದ ಚುಕ್ಕೆ, ಕೊಂಕುಗೆರೆಗಳಾಗಿಬಿಟ್ಟಿದ್ದರು. ನೂರು ಜನರಿದ್ದರೂ ಯಾರಿಗೂ ಮನೆಯಿಲ್ಲ.

ತವರಿನ ಕಲಾ ಅಕಾಡೆಮಿ ಅವನನ್ನು ಸೇರಿಸಿಕೊಂಡದ್ದು 1763ರಲ್ಲಿ, ಅರವತ್ತೈದು ದಾಟಿದ ಮೇಲೆ. ನಗರನೋಟಕ್ಕೆ ಅಲ್ಲಿ ಅಷ್ಟೇನೂ ಮರ್ಯಾದೆಯಿರಲಿಲ್ಲ. ಸದಸ್ಯತ್ವಕ್ಕಾಗಿ ಅವನು ಒಪ್ಪಿಸಿದ್ದೂ ವೆನಿಸಿನ ನೋಟವನ್ನಲ್ಲ, ಒಂದು ಕಾಲ್ಪನಿಕ ಕಂಬಸಾಲನ್ನು.

ಆದರೆ 1766ರ ಒಂದು ರೇಖಾಚಿತ್ರವಿದೆ. ಸಂತ ಮಾರ್ಕನ ಚರ್ಚಿನೊಳಗೆ ಹಾಡುಗಾರರು ಒತ್ತೊತ್ತಾಗಿ ನಿಂತು ಹಾಡುತ್ತಿದ್ದಾರೆ. ಕೊಳ್ಳುವವರ ಕಣ್ಣಿಗೆಂದು ಬರೆದದ್ದಲ್ಲ ಅನ್ನಿಸುತ್ತದೆ. ಅದರ ಮೇಲೆ ಮುದುಕ ತನ್ನ ಹೆಸರು ಹಾಕಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಕನ್ನಡಕವಿಲ್ಲದೆ ಬರೆದೆನೆಂದು ನಮೂದಿಸಿದ್ದಾನೆ.