ಚರ್ಮದ ಮೇಲಿನ ಶಿಲುಬೆ

ಕುಂದಾಪುರದ ಸುತ್ತಿನ ಹಟ್ಟಿಯಂಗಡಿ, ತಲ್ಲೂರು, ಬಸ್ರೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಹಚ್ಚೆ ಹಾಕಿಸಿಕೊಂಡು ಬಂದ ಮಗನಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬೈಬಲಿನಲ್ಲಿ ಅದು ಬೇಡ ಎಂದಿದೆ. ಮುಂಗೈ ಮೇಲೆ ಮೂಡಿದ್ದು ಶಿಲುಬೆಯಾಗಿರಲಿ, ಜಪಸರವಾಗಿರಲಿ, ತೀರಿಕೊಂಡ ತಾಯಿಯ ಹೆಸರಾಗಿರಲಿ, ಆ ಮಾತು ಬದಲಾಗುವುದಿಲ್ಲ. ಮುಂಬಯಿಯಿಂದಲೋ ದುಬೈಯಿಂದಲೋ ಹಡಗಿನ ಕೆಲಸದಿಂದಲೋ ರಜೆಗೆ ಬಂದವನು ಭಾನುವಾರದ ಬಲಿಪೂಜೆಗೆ ಉದ್ದ ತೋಳಿನ ಅಂಗಿ ತೊಟ್ಟು ಹೋಗುತ್ತಾನೆ. ಹಚ್ಚೆ ಹಾಕುವುದನ್ನೇ ಹೊಟ್ಟೆಪಾಡಿನ ಕಸುಬು ಮಾಡಿಕೊಳ್ಳುತ್ತೇನೆ ಎಂದರಂತೂ, ವಾಳೆಯವರ, ಅಂದರೆ ಇಗರ್ಜಿಯ ವಾರ್ಡಿನವರ, ಕಿವಿಗೆ ಬೀಳದಿದ್ದರೆ ಸಾಕು ಎಂದು ಮನೆಯವರು ಹಾರೈಸುತ್ತಾರೆ. ಈ ನಿಲುವಿನ ಹಿಂದೆ ಭಕ್ತಿ ಇದೆ, ಮಕ್ಕಳ ಬಗೆಗಿನ ಕಾಳಜಿಯೂ ಇದೆ. ಆದರೆ ಅದು ಬಣ್ಣ ಪಾಪವೇ ಎಂದು ಕೇಳುತ್ತಾ ಕೂತಿದೆ. ಆ ಕಸುಬನ್ನು ಹೇಗೆ ಮಾಡಬೇಕು ಎಂಬ ನಿಜವಾದ ಪ್ರಶ್ನೆಗೆ ಇನ್ನೂ ಕೈಹಾಕಿಲ್ಲ ಎಂಬುದು ನನ್ನ ತಕರಾರು.

ಎಲ್ಲರೂ ಎತ್ತುವ ವಚನ ಯಾಜಕಕಾಂಡದ 19ನೇ ಅಧ್ಯಾಯದ 28ನೆಯದು. ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದನ್ನೂ ಮೈಮೇಲೆ ಗುರುತು ಚುಚ್ಚಿಕೊಳ್ಳುವುದನ್ನೂ ಅದು ಒಟ್ಟಿಗೇ ನಿಷೇಧಿಸುತ್ತದೆ. ಅದರ ಹಿಂದಿನ ವಚನ ಗಡ್ಡದ ಅಂಚು ಕತ್ತರಿಸಬೇಡಿ ಎನ್ನುತ್ತದೆ. 19ನೇ ವಚನ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಬೇಡಿ ಎನ್ನುತ್ತದೆ. ಕ್ಷೌರ ಮಾಡಿಸಿಕೊಂಡು, ಟೆರಿಕಾಟನ್ ಅಂಗಿ ತೊಟ್ಟು ಇಗರ್ಜಿಗೆ ಬರುವ ನಾವು 28ನ್ನು ಮಾತ್ರ ಕಂಠಪಾಠ ಮಾಡಿದ್ದೇವೆ. ಅದೇ ಅಧ್ಯಾಯದ 13ನೇ ವಚನ ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಎಂದು ಹೇಳುತ್ತದೆ. ಆ ವಚನವನ್ನು ಹಿಡಿದು ಮಗನನ್ನು ಗದರಿಸಿದ ತಂದೆಯನ್ನು ನಾನು ನೋಡಿಲ್ಲ.

ಹಾಗೆಂದು ಅದು ಹಳೆಯ ಕಟ್ಟಳೆ, ಕ್ರಿಸ್ತನ ನಂತರ ಅದಕ್ಕೆ ಬೆಲೆಯಿಲ್ಲ ಎಂದು ಕೈತೊಳೆದುಕೊಳ್ಳುವುದೂ ಸೋಮಾರಿತನವೇ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವುದೂ ಇದೇ ಅಧ್ಯಾಯದಲ್ಲಿ, 18ನೇ ವಚನದಲ್ಲಿ. ಯೇಸು ಅದನ್ನು ಎತ್ತಿ ಎರಡನೆಯ ದೊಡ್ಡ ಆಜ್ಞೆ ಎಂದು ಕರೆದ. ಒಂದು ಅಧ್ಯಾಯವನ್ನು ಇಡಿಯಾಗಿ ಹಿಡಿಯುವುದೂ ಇಡಿಯಾಗಿ ಬಿಡುವುದೂ ಎರಡೂ ಸುಲಭ. ಪ್ರತಿ ವಚನವೂ ಯಾವುದರ ವಿರುದ್ಧ ನಿಂತಿತ್ತು ಎಂದು ವಿಚಾರಿಸುವುದು ಕಷ್ಟದ ಕೆಲಸ. ಈ ವಚನದ ಎದುರಿಗಿದ್ದದ್ದು ಸಾವು. ಸುತ್ತಣ ಜನಾಂಗಗಳ ಶೋಕಾಚರಣೆಯ ರೀತಿಯಲ್ಲಿ ಇಸ್ರಾಯೇಲರು ತಮ್ಮ ಮೈಯನ್ನು ಸತ್ತವರಿಗೆ ಒಪ್ಪಿಸಬಾರದು ಎಂಬುದು ಅದರ ಕಾಳಜಿ. ಈ ಅರ್ಥದಲ್ಲಿ ನೋಡಿದರೆ, ಶಿಲುಬೆ ಹಾಕಿಸಿಕೊಂಡವನಿಗಿಂತ ತಾಯಿಯ ಹೆಸರು ಹಾಕಿಸಿಕೊಂಡವನ ಜತೆ ಈ ವಚನಕ್ಕೆ ಹೆಚ್ಚು ಮಾತಿದೆ. ದುಃಖವನ್ನು ಮೈಮೇಲೆ ಕಾಯಂ ಮಾಡಿಕೊಳ್ಳಬೇಕೇ, ಇಲ್ಲ ದೇವರ ಕೈಗೆ ಬಿಡಬೇಕೇ ಎಂದು ಅವನ ಜತೆ ಕೂತು ಕೇಳಬಹುದು. ಅದು ಗದರಿಕೆಯಲ್ಲ, ಪಾಲನೆ. ನಾವು ಮಾಡುವುದು ತಿರುಗುಮುರುಗು: ತಾಯಿಯ ಹೆಸರನ್ನು ಕಂಡರೆ ಕರಗುತ್ತೇವೆ, ಶಿಲುಬೆಯನ್ನು ಕಂಡರೆ ಬೈಯುತ್ತೇವೆ.

ಹಚ್ಚೆಯ ಪರ ಇರುವವರ ವಾದವೂ ಇಷ್ಟೇ ಸಡಿಲ. ಪ್ರಕಟನೆಯ 19ನೇ ಅಧ್ಯಾಯದಲ್ಲಿ ಕ್ರಿಸ್ತನ ತೊಡೆಯ ಮೇಲೆ ಹೆಸರು ಬರೆದಿದೆಯಲ್ಲ ಎಂದು ಯುವಕರು ಕೇಳುತ್ತಾರೆ. ಅದು ದರ್ಶನದ ಭಾಷೆ. ಬಾಯಿಂದ ಖಡ್ಗ ಹೊರಡುವುದನ್ನೂ ಅದೇ ಅಧ್ಯಾಯ ಹೇಳುತ್ತದೆ. ಕೈಮೇಲೆ ಕರ್ತನ ಹೆಸರು ಬರೆದುಕೊಳ್ಳುವವನ ಬಗ್ಗೆ ಯೆಶಾಯ 44ನೇ ಅಧ್ಯಾಯದಲ್ಲಿ ಮೆಚ್ಚುಗೆಯ ಮಾತಿದೆ, ನಿಜ. ಅದರಿಂದ ಕುಂದಾಪುರದ ಅಂಗಡಿಯಲ್ಲಿ ಇಂಚಿನ ಲೆಕ್ಕದಲ್ಲಿ ಹಾಕಿಸಿಕೊಳ್ಳುವ ರೆಕ್ಕೆ, ಗುಲಾಬಿಗಳಿಗೆ ಪರವಾನಗಿ ಸಿಗುವುದಿಲ್ಲ. ದೇಹ ಪವಿತ್ರಾತ್ಮನ ಆಲಯ ಎಂಬ ಪೌಲನ ಮಾತನ್ನೂ ಇಲ್ಲಿ ಎಳೆದು ತರುತ್ತಾರೆ. ಆತ ಅದನ್ನು ಬರೆದದ್ದು ವ್ಯಭಿಚಾರದ ಬಗ್ಗೆ. ಸೂಜಿಯ ಬಗ್ಗೆ ಅಲ್ಲ.

ಧರ್ಮಸಭೆಯ ಇತಿಹಾಸವನ್ನು ತೆರೆದರೆ ನಮ್ಮ ಮನೆಗಳ ಖಚಿತತೆ ಅಲ್ಲಿ ಕಾಣುವುದಿಲ್ಲ. ಕ್ರಿ.ಶ. 316ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಶಿಕ್ಷೆಗೊಳಗಾದವರ ಮುಖಕ್ಕೆ ಗುರುತು ಹಾಕುವುದನ್ನು ನಿಲ್ಲಿಸಿದ. ಮುಖದಲ್ಲಿ ದೈವಿಕ ಸೌಂದರ್ಯದ ಹೋಲಿಕೆಯಿದೆ ಎಂಬುದು ಕಾರಣ. ಕೈಕಾಲಿಗೆ ಹಾಕುವುದನ್ನು ಅವನು ತಡೆಯಲಿಲ್ಲ. ರೋಮಿನ ಸೈನಿಕರ ಮೈಮೇಲಿನ ಗುರುತನ್ನು ಸಂತ ಅಗಸ್ಟೀನ್ ದೀಕ್ಷಾಸ್ನಾನವನ್ನು ವಿವರಿಸಲು ಬಳಸಿಕೊಂಡ: ಸೈನಿಕ ಓಡಿಹೋದರೂ ಗುರುತು ಅಳಿಯುವುದಿಲ್ಲ, ಮರಳಿ ಬಂದಾಗ ಮತ್ತೊಮ್ಮೆ ಹಾಕುವುದೂ ಇಲ್ಲ, ದೀಕ್ಷಾಸ್ನಾನವೂ ಹಾಗೆಯೇ ಒಂದೇ ಸಲ. ದೀಕ್ಷಾಸ್ನಾನ, ದೃಢೀಕರಣ, ಯಾಜಕದೀಕ್ಷೆಗಳು ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತವೆ ಎಂದು ಕಥೋಲಿಕ ಮಕ್ಕಳು ಇಂದಿಗೂ ಕಲಿಯುತ್ತಾರೆ. ಆ ಬೋಧನೆ ಬೆಳೆದದ್ದು ಇಂಥ ಹೋಲಿಕೆಯ ಮೇಲೆ ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಗಾಜಾದ ಪ್ರೊಕೋಪಿಯಸ್ ತನ್ನ ಕಾಲದ ಅನೇಕ ಕ್ರೈಸ್ತರು ಮಣಿಕಟ್ಟಿನ ಮೇಲೆ ಶಿಲುಬೆಯನ್ನೋ ಕ್ರಿಸ್ತನ ಹೆಸರನ್ನೋ ಹಾಕಿಸಿಕೊಳ್ಳುತ್ತಿದ್ದರೆಂದು ಬರೆದಿಟ್ಟಿದ್ದಾನೆ. 787ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಧರ್ಮಸಭೆಯ ಸಮಾವೇಶ ಅನ್ಯದೇವತೆಗಳ ಹೆಸರಿನ ಹಚ್ಚೆಯನ್ನು ಖಂಡಿಸಿತು. ದೇವರಿಗಾಗಿ ಆ ನೋವು ಉಂಡವನಿಗೆ ಪ್ರತಿಫಲವಿದೆ ಎಂದೂ ಸೇರಿಸಿತು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲ ಮಣಿಕಟ್ಟಿನ ಒಳಮಗ್ಗುಲಲ್ಲಿ ಪುಟ್ಟ ಶಿಲುಬೆ ಹಾಕಿಸುತ್ತಾರೆ. ಜೆರುಸಲೇಮಿನ ಹಳೇ ಊರಿನಲ್ಲಿ ರಜ್ಜೂಕ್ ಮನೆತನ ತಲೆಮಾರುಗಳಿಂದ ಯಾತ್ರಿಕರಿಗೆ ಹಚ್ಚೆ ಹಾಕುತ್ತಾ ಬಂದಿದೆ. ಮರದ ಅಚ್ಚುಗಳನ್ನು ಚರ್ಮದ ಮೇಲೆ ಒತ್ತಿ ಆಮೇಲೆ ಚುಚ್ಚುವ ಅವರ ಕಸುಬು 1300ರಿಂದ ನಡೆದಿದೆ ಎಂದು ಆ ಮನೆತನವೇ ಹೇಳಿಕೊಳ್ಳುತ್ತದೆ. ಕ್ರೈಸ್ತನೊಬ್ಬ ಹಚ್ಚೆಯಿಂದ ಬದುಕಬಹುದೇ ಎಂಬ ಪ್ರಶ್ನೆಗೆ ಆ ಅಂಗಡಿ ಬಹಳ ಹಿಂದೆಯೇ ಉತ್ತರಿಸಿದೆ.

2018ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಯುವಜನರ ಸಭೆಯೊಂದರಲ್ಲಿ, ಹಚ್ಚೆ ಕಂಡು ಹೆದರಬೇಡಿ, ಅದರ ಮೂಲಕ ಆ ಯುವಕ ಯಾರಿಗೆ ಸೇರಿದವನು ಎಂದು ಹೇಳಲು ಹೊರಟಿದ್ದಾನೆ ಎಂಬುದನ್ನು ಕೇಳಿ ಎಂಬರ್ಥದ ಮಾತನಾಡಿದರು. ಅತಿಯಾಗಬಾರದು ಎಂದೂ ಎಚ್ಚರಿಸಿದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಹಚ್ಚೆಯ ಹೆಸರೆತ್ತಿ ಹೇಳಿದ ಒಂದು ನಿಷೇಧವೂ ಇಲ್ಲ.

ಯಾರಿಗೆ ಸೇರಿದವನು ಎಂಬ ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. 1681ರಿಂದ 1684ರವರೆಗೆ ಕೆನರಾದ ಹೊಣೆ ಹೊತ್ತು, ಕುಂದಾಪುರದ ರೋಜರಿ ಮಾತೆಯ ಇಗರ್ಜಿಯಲ್ಲೂ ಸೇವೆ ಸಲ್ಲಿಸಿದ ಧರ್ಮಗುರು ಜೋಸೆಫ್ ವಾಜ್ ಮುಂದೆ 1687ರಲ್ಲಿ ಶ್ರೀಲಂಕಾಕ್ಕೆ ಗುಟ್ಟಾಗಿ ಹೋದರು. ಡಚ್ಚರ ಆಳ್ವಿಕೆಯಲ್ಲಿ ಅಡಗಿ ಬದುಕುತ್ತಿದ್ದ ಕಥೋಲಿಕರನ್ನು ಪತ್ತೆಹಚ್ಚಲು, ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷುಕನ ವೇಷದಲ್ಲಿ ಬೀದಿ ಸುತ್ತಿದರು. ನಮ್ಮವರು ಯಾರೋ ಅವರು ಗುರುತು ಹಿಡಿಯಲಿ ಎಂದು ಮೈಮೇಲೆ ಚಿಹ್ನೆ ಹೊತ್ತು ನಡೆದ ಅವರನ್ನು 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಕಾಪ್ಟಿಕ್ ಮಗುವಿನ ಮಣಿಕಟ್ಟಿನ ಶಿಲುಬೆಯ ಕೆಲಸವೂ ಅದೇ. ತಲ್ಲೂರಿನ ಇಗರ್ಜಿಯ ಪಾಲಕ ಸಂತ ಅಸ್ಸಿಸಿಯ ಫ್ರಾನ್ಸಿಸ್. 1224ರಲ್ಲಿ ಆತನ ಕೈಕಾಲುಗಳಲ್ಲಿ, ಪಕ್ಕೆಯಲ್ಲಿ ಕ್ರಿಸ್ತನ ಗಾಯಗಳು ಮೂಡಿದವೆಂದು ನಾವು ನಂಬುತ್ತೇವೆ. ಮೈಮೇಲಿನ ಗುರುತನ್ನು ಪೀಠದಲ್ಲಿಟ್ಟು ಗೌರವಿಸುವ ಜನ, ಗುರುತು ಎಂಬುದೇ ಕೆಟ್ಟದ್ದು ಎಂದು ಹೇಳಲಾರರು. ಫ್ರಾನ್ಸಿಸನ ಗಾಯ ಕೊಡುಗೆಯಾಗಿ ಬಂದದ್ದು, ಟ್ಯಾಟೂ ಹಣ ಕೊಟ್ಟು ಪಡೆದದ್ದು ಎಂಬ ವ್ಯತ್ಯಾಸ ದೊಡ್ಡದೇ. ಆದರೂ ಆಗ ನಾವು ಚರ್ಚಿಸುವುದು ಗುರುತಿನ ಹಿಂದಿನ ಮನಸ್ಸನ್ನು, ಚರ್ಮವನ್ನಲ್ಲ.

ಹಾಗಾದರೆ ಇಷ್ಟು ಗಟ್ಟಿಯಾದ ಅಸಹ್ಯ ಎಲ್ಲಿಂದ ಬಂತು? ನನ್ನ ಅಂದಾಜಿನಲ್ಲಿ ಅರ್ಧ ಬೈಬಲಿನಿಂದ, ಉಳಿದರ್ಧ ಗದ್ದೆಯಿಂದ. ನಾನು ಚಿಕ್ಕವನಿದ್ದಾಗ ನಟ್ಟಿಗೆ ಬರುತ್ತಿದ್ದ ಹೆಂಗಸರ ಮುಂಗೈಯಲ್ಲಿ, ಗಲ್ಲದ ಮೇಲೆ ಹಸಿರು ಹಚ್ಚೆ ಇರುತ್ತಿತ್ತು. ಗದ್ದೆಯ ಅಂಚಿನಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದವರ ಕೈಯಲ್ಲಿ ಇರುತ್ತಿರಲಿಲ್ಲ. ಕೊರವಂಜಿಯರು ಊರೂರು ತಿರುಗಿ, ದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ, ನೋವು ಮರೆಸಲು ಹಾಡುತ್ತಾ ಹಚ್ಚೆ ಹೊಯ್ಯುತ್ತಿದ್ದರು. ಮೇಲೆ ಅರಿಶಿನ ಹಚ್ಚುತ್ತಿದ್ದರು. ಕೂಲಿ ಎಂದರೆ ಒಂದಿಷ್ಟು ಅಕ್ಕಿ, ಎಲೆ ಅಡಿಕೆ. ಚಿನ್ನವನ್ನು ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಸತ್ತಾಗ ಜತೆಗೆ ಬರುವ ಒಡವೆ ಇದೊಂದೇ ಎಂದು ಹಾಕಿಸಿಕೊಂಡವರು ಹೇಳುತ್ತಿದ್ದರು. ಚಿನ್ನ ಇಲ್ಲದವರ ಮಾತು ಅದು. ಕೊಂಕಣಿ ಕ್ರೈಸ್ತರು ಮತಾಂತರವಾಗಿ ಶತಮಾನಗಳು ಕಳೆದ ಮೇಲೂ ಬಾಮಣ, ಚಾರಡಿ, ಶುದಿರ್ ಎಂಬ ಹಳೆಯ ಜಾತಿಯ ಗೆರೆಗಳನ್ನು ಮದುವೆಯ ಮಾತುಕತೆಯಲ್ಲಿ ನೆನಪಿಟ್ಟುಕೊಂಡವರು. ಹಚ್ಚೆ ಅಂಥವರದು, ನಮ್ಮಂಥವರದಲ್ಲ ಎಂಬ ಮೇಲರಿಮೆಗೆ ಯಾಜಕಕಾಂಡದ ವಚನ ಒಳ್ಳೆಯ ಹೊದಿಕೆಯಾಯಿತು. ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಶಾಸ್ತ್ರ ಎಂದು ಹೇಳುತ್ತಾ ಜಾತಿಯನ್ನು ಕಲಿಸಿದರೆ, ಮಕ್ಕಳು ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ, ಇಲ್ಲವೇ ಒಟ್ಟಿಗೆ ಬಿಸಾಡುತ್ತಾರೆ.

ಇನ್ನು ಕಸುಬಿನ ಮಾತು. ಯಾವ ಕೆಲಸ ಕ್ರೈಸ್ತನಿಗೆ ತಕ್ಕದ್ದು ಎಂದು ಮೊದಲ ಶತಮಾನಗಳ ಧರ್ಮಸಭೆ ಬಹಳ ತಲೆ ಕೆಡಿಸಿಕೊಂಡಿತ್ತು. ವಿಗ್ರಹ ಕೆತ್ತುವವನು ಕ್ರೈಸ್ತನಾಗಿ ಉಳಿಯಲಾರ ಎಂದು ಟೆರ್ಟುಲ್ಲಿಯನ್ ಹಟ ಹಿಡಿದ. ಹಿಪ್ಪೊಲಿಟಸನ ಹೆಸರಿನಲ್ಲಿರುವ ಪ್ರಾಚೀನ ನಿಯಮಾವಳಿ ಶಿಲ್ಪಿಗೂ ಚಿತ್ರಕಾರನಿಗೂ ವಿಗ್ರಹ ಮಾಡಬೇಡ ಎಂದು ವಿಧಿಸಿತು. ಆದರೆ ಮಕ್ಕಳಿಗೆ ಪಾಠ ಹೇಳುವವನ ವಿಷಯದಲ್ಲಿ ಅದೇ ನಿಯಮಾವಳಿ ಸ್ವಲ್ಪ ಮೆತ್ತಗಾಗುತ್ತದೆ: ಬಿಟ್ಟರೆ ಒಳ್ಳೆಯದು, ಬೇರೆ ಕಸುಬು ಗೊತ್ತಿಲ್ಲದಿದ್ದರೆ ಇರಲಿ. ಆ ಒಂದು ರಿಯಾಯಿತಿಯಲ್ಲಿ ಹೊಟ್ಟೆಯ ಅರಿವಿದೆ.

ನಮ್ಮ ಕರಾವಳಿಯಲ್ಲೇ ಈ ಪ್ರಶ್ನೆ ಒಮ್ಮೆ ಬಹಳ ದೊಡ್ಡದಾಗಿ ಎದ್ದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಮೂರ್ತೆ ಅವರ ಕುಲಕಸುಬು. ಕಳ್ಳು ಇಳಿಸುವುದು ಕ್ರೈಸ್ತ ಬದುಕಿಗೆ ಹೊಂದುವುದಿಲ್ಲ ಎಂದು ಮಿಷನ್ ನಿರ್ಧರಿಸಿತು. ಆ ನಿರ್ಧಾರ ಸರಿಯೇ ಎಂದು ವಾದಿಸಬಹುದು. ಆದರೆ ಬೇಡ ಎಂದವರು ಅಷ್ಟಕ್ಕೇ ಬಿಟ್ಟು ಹೋಗಲಿಲ್ಲ. ಮುದ್ರಣಾಲಯ ತೆರೆದರು, ಮಗ್ಗ ಹಾಕಿದರು, 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ಕರಾವಳಿಯ ಮನೆಗಳ ಮಾಡಿನ ಮೇಲೆ ಇಂದಿಗೂ ಇರುವ ಮಂಗಳೂರು ಹಂಚು ಆ ನಿಷೇಧದ ಬೆನ್ನಿಗೇ ಬಂದ ಹೊಣೆಗಾರಿಕೆಯ ಫಲವೂ ಹೌದು. ಇಂದು ಚಿತ್ರಕಲೆ ಕಲಿತ ಹುಡುಗಿ ಟ್ಯಾಟೂ ಮಷಿನ್ ಹಿಡಿಯುತ್ತೇನೆ ಎಂದರೆ ಬೇಡ ಎನ್ನುವವರ ಬಳಿ ಅವಳ ಕೈಗೆ ಕೊಡಲು ಏನಿದೆ? ಬರೀ ನಿಲ್ಲಿಸುವುದಕ್ಕೂ ಒಂದು ಬೆಲೆಯಿದೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಕೊನ್ಯಾಕರಲ್ಲಿ ಕ್ರೈಸ್ತಧರ್ಮ ಹರಡಿದಂತೆ ಮುಖದ ಹಚ್ಚೆ ನಿಂತುಹೋಯಿತು. ತಲೆಬೇಟೆಯೊಂದಿಗೆ ಹೆಣೆದುಕೊಂಡಿದ್ದ ಗುರುತು ನಿಂತದ್ದಕ್ಕೆ ಅಳಬೇಕಿಲ್ಲ. ಅದರೊಂದಿಗೆ ಒಂದು ವಿನ್ಯಾಸ ಪರಂಪರೆಯೂ ಮರೆಯಾಗುತ್ತಾ ಬಂತು. ಈಗ ಮೋ ನಾಗಾ ಎಂದು ಹೆಸರಾದ ಮೊರಾಂಗಮ್ ಖಾಲಿಂಗ್‌ರಂಥ ಕಲಾವಿದರು ನಾಗಾ ವಿನ್ಯಾಸಗಳನ್ನು ಹಿರಿಯರಿಂದ ಕೇಳಿ ಕೂಡಿಸಬೇಕಾಗಿದೆ.

ಕ್ರೈಸ್ತ ಕಸುಬುದಾರನಿಗೆ ನಿಜವಾದ ಇಕ್ಕಟ್ಟು ಬರುವುದು ಗಿರಾಕಿ ತ್ರಿಶೂಲವನ್ನೋ ಪಂಜುರ್ಲಿ ದೈವದ ಮುಖವನ್ನೋ ಕೇಳಿದಾಗ. ಹಟ್ಟಿಯಂಗಡಿಯಲ್ಲಿ ಸಿದ್ಧಿವಿನಾಯಕನ ದೇವಸ್ಥಾನವಿದೆ, ಜೈನ ಬಸದಿಯಿದೆ, ಅಲ್ಲಿಯವರೇ ಗಿರಾಕಿಗಳು. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಕೊರಿಂಥದವರು ಕೇಳಿದಾಗ ಪೌಲ ಒಂದೇ ಮಾತಿನಲ್ಲಿ ತೀರ್ಪು ಕೊಡಲಿಲ್ಲ. ಮಾಂಸದಲ್ಲಿ ಏನೂ ಇಲ್ಲ, ಆದರೆ ನಿನ್ನ ಮನಸ್ಸಾಕ್ಷಿಯನ್ನೂ ಪಕ್ಕದವನ ಮನಸ್ಸಾಕ್ಷಿಯನ್ನೂ ನೋಡಿಕೋ ಎಂದ. ಆ ಅಳತೆಯಲ್ಲಿ ನೋಡಿದರೆ, ತೋಳಿನ ಮೇಲಿನ ಗಣಪತಿಗೆ ಯಾರೂ ಆರತಿ ಎತ್ತುವುದಿಲ್ಲ. ನೆರೆಯವನ ದೇವರನ್ನು ಗೌರವದಿಂದ, ಗೆರೆ ತಪ್ಪದಂತೆ ಬರೆಯುವ ಕೈ ತನ್ನ ವಿಶ್ವಾಸವನ್ನು ಮಾರಿಕೊಂಡಂತಾಗುವುದಿಲ್ಲ ಎಂದು ನಾನು ಭಾವಿಸುತ್ತೇನೆ. ಆಗದು ಎನ್ನುವ ಮನಸ್ಸಾಕ್ಷಿಯವನು ಆಗದು ಎಂದು ವಿನಯದಿಂದ ಹೇಳಿ, ಬೇರೆ ಅಂಗಡಿ ತೋರಿಸಲಿ. ಆದರೆ ಇನ್ನೊಂದು ಸಮುದಾಯವನ್ನು ಹೀಯಾಳಿಸುವ ಘೋಷಣೆಯನ್ನು ಚುಚ್ಚಲು ಕೇಳಿದಾಗ ಮನಸ್ಸಾಕ್ಷಿಯ ಚರ್ಚೆಗೆ ಎಡೆಯಿಲ್ಲ. ಕುಡಿದು ಬಂದವನಿಗೆ, ಹದಿನೆಂಟು ತುಂಬದವರಿಗೆ, ವಾರದ ಹಿಂದೆ ಪರಿಚಯವಾದವಳ ಹೆಸರು ಎದೆಯ ಮೇಲೆ ಬೇಕು ಎನ್ನುವವನಿಗೆ ಮಷಿನ್ ಕೆಳಗಿಟ್ಟು ಮನೆಗೆ ಹೋಗು ಎನ್ನುವುದರಲ್ಲಿ ಈ ಕಸುಬಿನ ನೀತಿ ಇದೆ.

ಸೂಜಿಯಲ್ಲೂ ಇದೆ. ಜಾತ್ರೆಯ ಬೀದಿಯಲ್ಲಿ ಒಂದೇ ಸೂಜಿಯನ್ನು, ಒಂದೇ ಬಣ್ಣದ ಬಟ್ಟಲನ್ನು ಹತ್ತು ಜನರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ರಕ್ತದಿಂದ ರಕ್ತಕ್ಕೆ ದಾಟುತ್ತವೆ. ಟ್ಯಾಟೂ ಹಾಕಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ ಎಂಬ ನಿಯಮ ನಮ್ಮ ರಕ್ತನಿಧಿಗಳಲ್ಲಿ ಇರುವುದು ಇದೇ ಕಾರಣಕ್ಕೆ. ಇಗರ್ಜಿಯ ಆವರಣದಲ್ಲಿ ರಕ್ತದಾನ ಶಿಬಿರ ನಡೆಯುವುದು ನಮ್ಮ ಕಡೆ ಸಾಮಾನ್ಯ. ಆ ದಿನ ಇದನ್ನು ಯುವಜನರಿಗೆ ಬಿಡಿಸಿ ಹೇಳಿದರೆ ಯಾಜಕಕಾಂಡ ಓದಿ ಹೆದರಿಸುವುದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ. ಪ್ರತಿಯೊಬ್ಬರಿಗೂ ಹೊಸ ಸೂಜಿ ಒಡೆಯುವ, ಕೈಗವಸು ಬದಲಿಸುವ, ಚರ್ಮರೋಗ ಇದ್ದವರಿಗೆ ಬೇಡ ಎನ್ನುವ, ಕೆಲಸ ಕಲಿಯಲು ಬಂದ ಹುಡುಗನಿಗೆ ಅಂದಿನ ಕೂಲಿಯನ್ನು ಅಂದೇ ಎಣಿಸಿ ಕೊಡುವ ಅಂಗಡಿಯನ್ನು ಕ್ರೈಸ್ತನೊಬ್ಬ ನಡೆಸುತ್ತಿದ್ದರೆ, ವರ್ಷದ ಹಬ್ಬದಲ್ಲಿ ಹೊಸ ಅಂಗಡಿ, ಹೊಸ ದೋಣಿಗಳನ್ನು ಆಶೀರ್ವದಿಸುವ ಧರ್ಮಗುರುಗಳು ಆ ಬಾಗಿಲಿಗೂ ಹೋಗಿ ತೀರ್ಥ ಚಿಮುಕಿಸಬೇಕು ಎಂದು ನಾನು ಕೇಳುತ್ತೇನೆ.