ಹಗ್ಗದಲ್ಲಿ ಅರಳಿದ ಹೂಗಳು

ಮೃಣಾಲಿನಿ ಮುಖರ್ಜಿಯವರ ಬಗ್ಗೆ ಬರೆಯುವವರೆಲ್ಲ ಮೊದಲಿಗೇ ಹೇಳಿಬಿಡುವ ಮಾತೊಂದಿದೆ: ಪ್ರಕೃತಿಯೇ ಅವರ ಸ್ಫೂರ್ತಿ. ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಏನನ್ನೂ ಹೇಳಿದಂತಾಗುವುದಿಲ್ಲ. ಕ್ಯಾಲೆಂಡರಿಗೆ ಗುಲಾಬಿ ಬರೆಯುವವನಿಗೂ ಪ್ರಕೃತಿಯೇ ಸ್ಫೂರ್ತಿ. ಹೂವಿನ ಹೋಲಿಕೆಗಿಂತ ಹೂವು ಬೆಳೆಯುವ ರೀತಿಯನ್ನೇ ಈ ಕಲಾವಿದೆ ತಮ್ಮ ಕೆಲಸದ ರೀತಿಯನ್ನಾಗಿ ಮಾಡಿಕೊಂಡರು ಎಂಬುದು ನಮ್ಮ ಅಭಿಪ್ರಾಯ.

ಅವರು ಹುಟ್ಟಿದ್ದು ಮುಂಬಯಿಯಲ್ಲಿ, 1949ರಲ್ಲಿ. ತಂದೆ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಶಿಲ್ಪಿ ಲೀಲಾ ಮುಖರ್ಜಿ. ಬಾಲ್ಯ ಡೆಹ್ರಾಡೂನಿನಲ್ಲಿ, ರಜೆಯ ದಿನಗಳು ಶಾಂತಿನಿಕೇತನದಲ್ಲಿ. 1950ರ ದಶಕದಲ್ಲಿ ತಂದೆಯ ದೃಷ್ಟಿ ಪೂರ್ತಿ ಹೋಯಿತು. ಆದರೂ ಅವರು ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡುವುದನ್ನು ಬಿಡಲಿಲ್ಲ. ಬೆರಳಿಗೂ ಕಣ್ಣಿದೆಯೆಂಬುದನ್ನು ಮಗಳು ಮನೆಯಲ್ಲೇ ಕಂಡಿರಬೇಕು. ಮುಂದೆ ಬರೋಡಾದಲ್ಲಿ ಚಿತ್ರಕಲೆ, ಕೆ. ಜಿ. ಸುಬ್ರಹ್ಮಣ್ಯನ್ ಅವರ ಬಳಿ ಭಿತ್ತಿಕಲೆ. ಕುಂಬಾರನ, ನೇಕಾರನ ಕಸುಬು ಬೇರೆ, ಕಲೆ ಬೇರೆ ಎಂಬ ಗೋಡೆಯನ್ನು ಸುಬ್ರಹ್ಮಣ್ಯನ್ ಒಪ್ಪಿದವರಲ್ಲ. ಅಂಥ ಗುರುವಿನ ಶಿಷ್ಯೆ 1970ರ ದಶಕದ ಆರಂಭದಲ್ಲಿ ಸೆಣಬಿನ ಹಗ್ಗ ಕೈಗೆತ್ತಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಗ್ಗದ ಗಂಟು ನಮಗೆ ಹೊಸದೇನಲ್ಲ. ಊರಿನ ಅಡಿಗೆಮನೆಯಲ್ಲಿ ಹಾಲು ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ತೂಗುಹಾಕುತ್ತಿದ್ದ ನೆಲುವನ್ನು ನೆನೆಸಿಕೊಳ್ಳಿ. ನಗರಕ್ಕೆ ಬಂದ ಮೇಲೆ ಅದೇ ವಿದ್ಯೆ ಮ್ಯಾಕ್ರಮೆ ಎಂಬ ಹೆಸರು ತೊಟ್ಟು ಬಾಲ್ಕನಿಯ ಹೂಕುಂಡಗಳಿಗೆ ಆಧಾರವಾಯಿತು. ಮೃಣಾಲಿನಿಯವರ ಕೈಯಲ್ಲಿದ್ದುದೂ ಇದೇ ಗಂಟು. ಆದರೆ ನೆಲುವು ಮತ್ತೊಂದು ವಸ್ತುವನ್ನು ಹೊರುತ್ತದೆ. ಇವರ ಗಂಟು ತನ್ನ ಭಾರವನ್ನೇ ಹೊತ್ತು ನಿಲ್ಲುತ್ತದೆ. ಮೊದಲು ಗೋಡೆಗೆ ಒರಗಿ ತೂಗುತ್ತಿದ್ದ ಕೃತಿಗಳು ಬರಬರುತ್ತಾ ಗೋಡೆ ಬಿಟ್ಟು ಈಚೆ ಬಂದು, ಆಳೆತ್ತರವಾಗಿ, ಅದನ್ನೂ ಮೀರಿ ಬೆಳೆದವು. ಮೊದಲೇ ನಕ್ಷೆ ಬರೆದಿಡುವ ಪದ್ಧತಿಯಿಲ್ಲ. ಒಳಗೊಂದು ಲೋಹದ ಚೌಕಟ್ಟು. ಅದರ ಮೇಲೆ ಗಂಟಿನ ಪಕ್ಕ ಗಂಟು, ತಿಂಗಳುಗಟ್ಟಲೆ. ಒಂದು ಸಾಲು ಬಿಗಿಯಾದರೆ ಮುಂದಿನದು ಬಾಗುತ್ತದೆ, ಸಡಿಲವಾದರೆ ಜೋಲುತ್ತದೆ, ಜೋತದ್ದು ಮಡಿಕೆಯಾಗುತ್ತದೆ. ಕುಂಬಳದ ಬಳ್ಳಿ ಚಪ್ಪರ ಸಿಕ್ಕ ಕಡೆ ಹಬ್ಬುವುದಿಲ್ಲವೇ, ಹಾಗೆ.

ಹೀಗೆ ಹುಟ್ಟಿದ್ದೇ ‘ಯಕ್ಷಿ’ (1984), ‘ಪಕ್ಷಿ’ (1985), ‘ವನಶ್ರೀ’ (1994), ‘ಆದಿಪುಷ್ಪ’. ಹೆಸರು ಓದಿದ ಕೂಡಲೇ ನಮ್ಮವರು ಕೈಮುಗಿಯಲು ಮುಖ ಹುಡುಕುತ್ತಾರೆ. ಮುಖಕ್ಕಿಂತ ಮೊದಲು ಕಾಣುವುದು ಮಡಿಕೆ. ಅದು ದಳವೋ, ತುಟಿಯೋ, ಸೆರಗೋ ಎಂದು ನಿರ್ಧರಿಸುವಷ್ಟರಲ್ಲಿ ಒಳಗಿನ ಕತ್ತಲು ಕಣ್ಣನ್ನು ಎಳೆಯುತ್ತದೆ. ‘ಆದಿಪುಷ್ಪ’ದಲ್ಲಿ ಹೂವಿನ ಅಂಗವೂ ದೇಹದ ಅಂಗವೂ ಬೇರ್ಪಡಿಸಲಾಗದಂತೆ ಕಲೆತಿವೆ. ಮನೆಮಂದಿಯೊಡನೆ ನೋಡುವಾಗ ಕೆಲವರಿಗೆ ಮುಜುಗರವಾದೀತು, ಆಗಲಿ. ಹೂವೆಂಬುದು ಗಿಡದ ಸಂತಾನದ ಅಂಗವೆಂಬುದನ್ನು ಶಾಲೆಯ ಪುಸ್ತಕದಲ್ಲಿ ಓದಿದವರೇ ಅಲ್ಲವೇ ನಾವು? ಕರಾವಳಿಯಲ್ಲಿ ಭೂತಕೋಲ ಕಂಡವರಿಗೆ ಈ ಕೃತಿಗಳೆದುರು ತೆಂಗಿನ ಗರಿಯ ಸಿರಿ, ಬೆನ್ನ ಮೇಲಿನ ಅಣಿ ನೆನಪಾದರೆ ಅದು ಸಹಜ. ಅಲ್ಲಿಯೂ ಗರಿಯೇ ದೈವದ ಮೈಯಾಗುತ್ತದೆ.

ಮುಂದೆ ಅವರು ಜೇಡಿಮಣ್ಣಿನಲ್ಲಿ, 2000ದ ನಂತರ ಕಂಚಿನಲ್ಲಿ ಕೆಲಸ ಮಾಡಿದರು. ಕಂಚಿನ ಕೃತಿಗಳನ್ನು ಬಹಳ ಜನ ಮೆಚ್ಚಿದ್ದಾರೆ. ನಮಗೆ ಅಷ್ಟು ಒಪ್ಪಿಗೆಯಾಗಿಲ್ಲ. ಮೇಣದಲ್ಲಿ ರೂಪಿಸಿ ಎರಕ ಹೊಯ್ದ ಎಲೆ ಎಷ್ಟೇ ಸೊಗಸಾಗಿರಲಿ, ಅದರ ಬೆಳವಣಿಗೆ ಅಲ್ಲಿಗೆ ಮುಗಿದಿರುತ್ತದೆ. ಹಗ್ಗದ ಕೃತಿ ಇನ್ನೂ ತೂಗುತ್ತಿರುತ್ತದೆ, ನೂಲಿನ ಎಳೆ ಏಳುತ್ತಿರುತ್ತದೆ.

ಹಗ್ಗ ಹೆಣೆಯುವ ಹೆಣ್ಣನ್ನು ಶಿಲ್ಪಿಯೆಂದು ಒಪ್ಪಲು ಕಲಾಪ್ರಪಂಚ ಬಹಳ ಕಾಲ ಹಿಂದೆಮುಂದೆ ನೋಡಿತು. ಕರಕುಶಲವೆಂಬ ಮೆಚ್ಚುಗೆಯ ಮಾತಿನಲ್ಲೇ ಅವರನ್ನು ಬಾಗಿಲ ಹೊರಗೆ ಕೂರಿಸಿದ ವಿಮರ್ಶಕರೂ ಇದ್ದರು. (ಸಂಘಗಳ ವಾರ್ಷಿಕೋತ್ಸವದಲ್ಲಿ ಮಹಿಳೆಯರ ಹೆಣಿಗೆ, ಕಸೂತಿಗೆ ಊಟದ ಪಂಕ್ತಿಯ ಪಕ್ಕದ ಮೇಜು ಮೀಸಲಾಗುವುದನ್ನು ಬಲ್ಲ ನಾವು ಇದಕ್ಕೆ ಹೆಚ್ಚು ಅಚ್ಚರಿಪಡಬೇಕಾಗಿಲ್ಲ.) ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ ತೆರೆದದ್ದು 2015ರ ಜನವರಿಯ ಕೊನೆಯಲ್ಲಿ. ಅವರು ಆಗ ಆಸ್ಪತ್ರೆಯಲ್ಲಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಪ್ರದರ್ಶನ ಏರ್ಪಡಿಸಿದ್ದು 2019ರಲ್ಲಿ. 2000ದ ‘ಜೌಬಾ’ ಎಂಬ ಕೃತಿ ಈಗ ಬ್ರಿಟನ್ನಿನ ಟೇಟ್ ಸಂಗ್ರಹಕ್ಕೆ ಸೇರಿದೆ. ಹೆಸರು ಬಂಗಾಳಿಯ ದಾಸವಾಳದ್ದು.

ಇಲ್ಲಿಯೇ ನಮ್ಮ ಕಳವಳವೂ ಇದೆ. ಕಲ್ಲು, ಕಂಚು ಕಾಯುತ್ತವೆ. ಬಣ್ಣ ಹಾಕಿದ ನಾರು ಕಾಯುವುದಿಲ್ಲ. ಬೆಳಕಿಗೆ ಮಾಸುತ್ತದೆ, ಧೂಳು ಹಿಡಿಯುತ್ತದೆ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಛಾಯಾಚಿತ್ರದಲ್ಲಂತೂ ಇವು ಬರೀ ಬಣ್ಣದ ಮೂಟೆಗಳಂತೆ ಕಾಣುತ್ತವೆ. ಆದ್ದರಿಂದ ಎಲ್ಲಿಯಾದರೂ ಒಂದು ಕೃತಿ ಪ್ರದರ್ಶನಕ್ಕಿದೆಯೆಂದು ತಿಳಿದರೆ ಬಿಡುವು ಮಾಡಿಕೊಂಡು ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಹೆಸರಿನ ಚೀಟಿಯನ್ನು ಕೊನೆಗೆ ಓದಿದರಾಯಿತು. ಸುತ್ತಿಬರಲು ಜಾಗವಿದ್ದರೆ ಕೃತಿಯ ಹಿಂಬದಿಗೂ ಹೋಗಿ ನಿಲ್ಲಿ. ಗಂಟುಗಳ ಸಾಲು ಎಲ್ಲಿ ದಿಕ್ಕು ಬದಲಿಸಿತು, ಕೈ ಎಲ್ಲಿ ತಡೆಯಿತು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.