ಹುಲಿಯ, ಗುತ್ತಿ ಮತ್ತು ಸಕ್ರೆಬೈಲಿನ ನೇತ್ರಾವತಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಕೊನೆಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಇದನ್ನು ಸ್ವಾಮಿನಿಷ್ಠೆಯ ದುರಂತವೆಂದು ಓದಿ ಕಣ್ಣೊರೆಸಿಕೊಳ್ಳುವುದು ಸುಲಭ. ನನಗೆ ಆ ಓದು ಸಾಲದು. ಹುಲಿಯನ ಒಡೆಯನಾದ ಗುತ್ತಿ ತಾನೇ ಸಿಂಬಾವಿ ಹೆಗ್ಗಡೆಯ ಹೊಲೆಯಾಳು. ಮೆಚ್ಚಿದ ತಿಮ್ಮಿಯನ್ನು ಕೂಡಬೇಕಾದರೂ ಅವನು ಅವಳನ್ನು ಹಾರಿಸಿಕೊಂಡೇ ಹೋಗಬೇಕು. ಕಾದಂಬರಿ ನಾಯಿಗೆ ಹೆಸರು, ಸಿಟ್ಟು, ಹೆದರಿಕೆ, ಅಕ್ಕರೆ ಎಲ್ಲವನ್ನೂ ಕೊಡುತ್ತದೆ. ಹಕ್ಕು ಮಾತ್ರ ಇಲ್ಲ. ಗುತ್ತಿಗೇ ಇಲ್ಲದ್ದು ಅವನ ನಾಯಿಗೆ ಎಲ್ಲಿಂದ ಬರಬೇಕು? ಪ್ರಾಣಿಗಳಿಗೂ ಮನುಷ್ಯರ ಸಮಾನ ಹಕ್ಕು ಬೇಕು ಎಂಬ ಮಾತು ಕೇಳಿದಾಗಲೆಲ್ಲ, ಯಾವ ಮನುಷ್ಯರ ಸಮಾನ ಎಂದು ಕೇಳಬೇಕೆನಿಸುತ್ತದೆ.

ಅದೇ ತುಂಗೆ ಕೆಳಗೆ ಹರಿದು, ಗಾಜನೂರು ಅಣೆಕಟ್ಟಿನ ಹಿನ್ನೀರಾಗಿ ನಿಂತ ಕಡೆ ಸಕ್ರೆಬೈಲಿನ ಆನೆ ಬಿಡಾರವಿದೆ. ಬೆಳಗಿನ ಹೊತ್ತು ಆನೆಗಳ ಸ್ನಾನ ನೋಡಲು ಜನ ಸೇರುತ್ತಾರೆ. 2023ರ ಅಕ್ಟೋಬರಿನಲ್ಲಿ ಶಿವಮೊಗ್ಗ ದಸರೆಗೆಂದು ಇಲ್ಲಿಂದ ಕರೆದೊಯ್ದಿದ್ದ ನೇತ್ರಾವತಿ ಎಂಬ ಆನೆ ಜಂಬೂ ಸವಾರಿಯ ಹಿಂದಿನ ರಾತ್ರಿ ನಗರದಲ್ಲೇ ಮರಿ ಹಾಕಿತು. ಮರಿಯ ಸುದ್ದಿಗೆ ನಾನೂ ಹಿಗ್ಗಿದೆ. ಆಮೇಲೆ ಲೆಕ್ಕ ಹಾಕಿದೆ. ಆನೆಯ ಬಸಿರು ಸುಮಾರು 22 ತಿಂಗಳಿನದು. ದಿನ ತುಂಬಿದ ಬಸುರಿ ಮೆರವಣಿಗೆಯ ಊರಿನಲ್ಲಿತ್ತು!

ಕಾನೂನು ಇಲ್ಲಿ ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆಗೆದಿದೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕನ್ನು ಪ್ರಾಣಿಗಳವರೆಗೂ ಹಿಗ್ಗಿಸಿ ಓದಿತ್ತು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಮ್ಮ ಕಂಬಳದ ತಿದ್ದುಪಡಿಯನ್ನೂ ಸೇರಿಸಿ ರಾಜ್ಯಗಳ ಕಾನೂನುಗಳನ್ನು ಎತ್ತಿಹಿಡಿಯಿತು. ಪ್ರಾಣಿಗೆ ಮೂಲಭೂತ ಹಕ್ಕಿದೆ ಎನ್ನಲು ಒಪ್ಪಲಿಲ್ಲ. ಹಿಂಸೆ ತಡೆಯುವ 1960ರ ಕಾಯಿದೆ ಇದ್ದೇ ಇದೆ. ಆದರೆ ಅದು ನಮ್ಮ ಮೇಲೆ ಹೊರಿಸಿದ ಕರ್ತವ್ಯ. ಪ್ರಾಣಿ ತನ್ನದೆಂದು ಹೇಳಿಕೊಳ್ಳಬಹುದಾದ ಹಕ್ಕಲ್ಲ.

ನೇತ್ರಾವತಿಗೆ ಮತದಾನ ಬೇಡ, ಹೆರಿಗೆ ರಜೆ ಬೇಕು. ಸಮಾನತೆ ಎಂಬ ದೊಡ್ಡ ಮಾತಿಗಿಂತ ಒಲ್ಲೆ ಎನ್ನುವ ಈ ಸಣ್ಣ ಹಕ್ಕು ನನಗೆ ಮುಖ್ಯ. ಅದನ್ನು ಆನೆ ಯಾರ ಬಾಯಲ್ಲಿ ಹೇಳಿಸಬೇಕು? ಅದರ ಮೈ ನಡಿಗೆಯ ವ್ಯತ್ಯಾಸವನ್ನು ಮೊದಲು ಗುರುತಿಸುವವರು ಮಾವುತ, ಕಾವಾಡಿಗಳು. ಹಗಲಿರುಳೂ ಜೊತೆಗಿರುವವರು ಅವರೇ. ಗುತ್ತಿಯ ಕಡೆಗೆ ಮತ್ತೆ ನೋಡುವುದು ಇದಕ್ಕೇ. ಹುಲಿಯ ಏನು ಹೇಳುತ್ತಿದೆ ಎಂಬುದು ಗುತ್ತಿಗೆ ಗೊತ್ತಾಗುತ್ತಿತ್ತು, ಆದರೆ ಗುತ್ತಿಯ ಮಾತಿಗೆ ಹೆಗ್ಗಡೆಯ ಅಂಗಳದಲ್ಲಿ ಬೆಲೆಯಿರಲಿಲ್ಲ. ಈ ಸಲ ಈ ಆನೆ ಬರುವುದಿಲ್ಲ ಎಂದು ಮಾವುತನೊಬ್ಬ ಹೇಳಿದರೆ ಅಂಬಾರಿ ಇಳಿಸುವವರು ಇದ್ದಾರೆಯೇ ಎಂಬುದನ್ನು ಮುಂದಿನ ದಸರೆಯಲ್ಲಿ ನೋಡಬೇಕು.